ಭೂಮಿ ಕಕ್ಷೆ ಬಿಟ್ಟು ಹೊರಟ ಶನಿವಾರ

ಮೊದಲ ಶನಿವಾರ
ಎರಡನೇ ವರ್ಷದ ಬಿ.ಎಸ್ಸಿ. ಮಕ್ಕಳಿಗೆ ಗಣನಾತ್ಮಕ ವಿಜ್ಞಾನದ, ಅಂದರೆ ಕಂಪ್ಯೂಟರ್ ಲೆಕ್ಕದಿಂದ ವಿಜ್ಞಾನದ ಪ್ರಶ್ನೆ ಬಿಡಿಸುವ ವಿದ್ಯೆಯ, ತರಗತಿ ಶುರುವಾಯಿತು. ಇರುವುದು ಆರು ಹಳೆಯ ಕಂಪ್ಯೂಟರ್, ಒಂದೊಂದಕ್ಕೂ ಮೂವರು. ಆದರೆ ಇವತ್ತು ಯಾರಿಗೂ ಕೀಲಿಮಣೆ ಮುಟ್ಟಲು ಬಿಡಲಿಲ್ಲ. ಹಾಳೆ, ಪೆನ್ನು, ಕ್ಯಾಲ್ಕುಲೇಟರ್ ಅಷ್ಟೇ. ಸೂರ್ಯನ ಸುತ್ತ ಭೂಮಿ ಸಾಗುವ ದಾರಿಯನ್ನು ಲೆಕ್ಕ ಹಾಕಬೇಕಿತ್ತು. ಸೂರ್ಯನಿಂದ ಭೂಮಿಗೆ ಇರುವ ದೂರವನ್ನು 1 ಎಂದು ಹಿಡಿದು, ಕಾಲವನ್ನು ವರ್ಷದಲ್ಲಿ ಅಳೆದರೆ ಭೂಮಿಯ ವೇಗ 2π, ಅಂದರೆ 6.283. ಕಾಲದ ಹೆಜ್ಜೆ 0.01 ವರ್ಷ. ಈಗಿನ ಸ್ಥಾನ, ವೇಗಗಳಿಂದ ಒಂದು ಹೆಜ್ಜೆಯ ನಂತರದ ಸ್ಥಾನ, ವೇಗಗಳನ್ನು ಲೆಕ್ಕ ಹಾಕುವ ಆಯ್ಲರ್ ವಿಧಾನದಲ್ಲಿ ಒಂದೇ ಒಂದು ಹೆಜ್ಜೆ ಇಡಿಸಿದೆ. ದೂರ 1.00197 ಬಂತು. "ಸರ್, ವೃತ್ತ ಅಂದಮೇಲೆ ದೂರ ಹೆಚ್ಚಬಾರದಲ್ಲವೇ?" ಎಂದಳು ಕಿಟಕಿ ಪಕ್ಕದ ಹುಡುಗಿ. ನಾನು ಉತ್ತರಿಸಲಿಲ್ಲ, ಆ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದಿಟ್ಟೆ.

ಎರಡನೇ ಶನಿವಾರ
ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅದೇ ಲೆಕ್ಕ, ನೂರು ಹೆಜ್ಜೆ. ಪರದೆಯ ಮೇಲೆ ಭೂಮಿ ಸುರುಳಿ ಸುತ್ತುತ್ತಾ ಮಂಗಳನ ಕಕ್ಷೆಯ ಕಡೆಗೆ ಹೊರಟುಬಿಟ್ಟಿತು! ಎಲ್ಲರೂ ತಮ್ಮದೇ ಬೆರಳಚ್ಚಿನ ತಪ್ಪೆಂದು ಒಂದು ಗಂಟೆ ಹುಡುಕಿದರು. ತಪ್ಪು ಅಲ್ಲಿರಲಿಲ್ಲ. ಹೆಜ್ಜೆಯ ಆರಂಭದ ವೇಗವೇ ಹೆಜ್ಜೆಯುದ್ದಕ್ಕೂ ಇರುತ್ತದೆಂದು ಆಯ್ಲರ್ ವಿಧಾನ ನಂಬುತ್ತದೆ. ಹೀಗಾಗಿ ಪ್ರತಿ ಹೆಜ್ಜೆಗೂ ಸ್ವಲ್ಪ ಶಕ್ತಿ ಸುಮ್ಮನೆ ಸೇರಿಕೊಳ್ಳುತ್ತದೆ. ಹೆಜ್ಜೆಯನ್ನು ಅರ್ಧ ಮಾಡಿದರೆ ಸುರುಳಿ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಇದನ್ನು ಅವರೇ ಮಾಡಿ ನೋಡಿದರು.

ಮೂರನೇ ಶನಿವಾರ
ನನಗೆ ಬಹಳ ಪ್ರಿಯವಾದ ಪ್ರಸಂಗವನ್ನು ಹೇಳಿದೆ. 1981ರಲ್ಲಿ ಭೌತವಿಜ್ಞಾನಿ ಅಲನ್ ಕ್ರೋಮರ್ 'ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್'ನಲ್ಲಿ ಒಂದು ಲೇಖನ ಪ್ರಕಟಿಸಿದರು. ಅದರ ಮೂಲದಲ್ಲಿದ್ದವಳು ಒಬ್ಬ ಪ್ರೌಢಶಾಲಾ ವಿದ್ಯಾರ್ಥಿನಿ. ಆಯ್ಲರ್ ಲೆಕ್ಕದ ಎರಡು ಸಾಲುಗಳನ್ನು ಆಕೆ ಆಕಸ್ಮಿಕವಾಗಿ ಹಿಂದುಮುಂದು ಬರೆದಿದ್ದಳು, ಕಕ್ಷೆ ಸರಿಯಾಗಿತ್ತು. ಕ್ರೋಮರ್ ಅದನ್ನು ತಿದ್ದಿ ಬದಿಗಿಡಲಿಲ್ಲ. ಏಕೆ ಸರಿಯಾಯಿತೆಂದು ಹುಡುಕಿ, ಲೇಖನದಲ್ಲಿ ಆಕೆಯ ಹೆಸರನ್ನೂ ಹೇಳಿದರು.

ಮಕ್ಕಳೂ ಸಾಲು ಅದಲುಬದಲು ಮಾಡಿದರು: ಮೊದಲು ಹೊಸ ವೇಗ, ಆ ವೇಗದಿಂದ ಹೊಸ ಸ್ಥಾನ. ಮೊದಲ ಹೆಜ್ಜೆಯ ದೂರ 0.99803. ಶಕ್ತಿ ಸ್ವಲ್ಪ ಏರುತ್ತದೆ, ಸ್ವಲ್ಪ ಇಳಿಯುತ್ತದೆ, ಗುಡ್ಡೆಯಾಗುವುದಿಲ್ಲ. ಕಕ್ಷೆ ಕೂಡಿಕೊಂಡಾಗ ಇಡೀ ಕೋಣೆ ಚಪ್ಪಾಳೆ ತಟ್ಟಿತು.

ನಾಲ್ಕನೇ ವಾರ, ಮನೆಯಲ್ಲಿ
ಅಂಕಗಳ ಹಂಚಿಕೆ ಬರೆಯಲು ಕುಳಿತೆ. ನಮ್ಮ ಪ್ರಾಯೋಗಿಕ ಪರೀಕ್ಷೆಗಳಲ್ಲಿ ಸರಿಯುತ್ತರಕ್ಕೆ ಜಾಗವಿದೆ, ಪ್ರಾಮಾಣಿಕ ತಪ್ಪಿಗೆ ಇಲ್ಲ. ಹತ್ತರಲ್ಲಿ ನಾಲ್ಕು ಅಂಕವನ್ನು "ಎಲ್ಲಿ ತಪ್ಪಿತು, ಹೇಗೆ ಗೊತ್ತಾಯಿತು" ಎಂಬುದಕ್ಕೇ ಇಟ್ಟಿದ್ದೇನೆ. ಮೇಷ್ಟರುಗಳ ವಿಷಯದಲ್ಲೂ ಇದೇ ಕೊರತೆ: ಪ್ರಕಟಿಸಿದ ಪ್ರಬಂಧಗಳನ್ನು ಎಣಿಸುತ್ತೇವೆ, ಚೆನ್ನಾಗಿ ಹೆಣೆದ ಒಂದು ಪ್ರಯೋಗವನ್ನು ಯಾರೂ ಎಣಿಸುವುದಿಲ್ಲ. ಅಮೆರಿಕದ ಇಂಧನ ಇಲಾಖೆಯ ಬೆಂಬಲದಿಂದ 1990ರ ದಶಕದಲ್ಲಿ ಪದವಿ ತರಗತಿಗಳ ಗಣನಾತ್ಮಕ ವಿಜ್ಞಾನ ಬೋಧನೆಗೆಂದೇ ಪ್ರಶಸ್ತಿಗಳನ್ನು ಕೊಡುತ್ತಿದ್ದರು. ಅಂಥದ್ದೊಂದು ನಮ್ಮ ವಿಶ್ವವಿದ್ಯಾಲಯಗಳಲ್ಲೂ ಬರಲಿ ಎಂಬುದು ನನ್ನ ದೊಡ್ಡ ಆಸೆ.

ಐದನೇ ಶನಿವಾರ
ರೆಕಾರ್ಡ್ ಪುಸ್ತಕಗಳು ಬಂದವು. ಕಿಟಕಿ ಪಕ್ಕದ ಹುಡುಗಿ ಕೆಟ್ಟ ಸುರುಳಿಯ ಚಿತ್ರವನ್ನು ಎಡಪುಟದಲ್ಲಿ ಅಂಟಿಸಿ, ಕೆಳಗೆ ಕೆಂಪು ಶಾಯಿಯಲ್ಲಿ 1.00197 ಎಂದು ಬರೆದು ಎರಡು ಗೆರೆ ಎಳೆದಿದ್ದಾಳೆ. ಮುಂದಿನ ವಾರ ಲೋಲಕ.