ಬುಡದಿಂದ ಎದ್ದ ಗುಲಾಬಿ

ದೊಡ್ಡಮ್ಮನ ಮನೆಯ ಗುಲಾಬಿ ಕಾಡುಗಿಡವಾಗಿಬಿಟ್ಟಿದೆ ಎಂಬ ಸುದ್ದಿ ನನಗೆ ಬಂದದ್ದು ಕಾಫಿ ಕೊಯ್ಲಿನ ಗಡಿಬಿಡಿಯ ನಡುವೆ. ಮೂಡಿಗೆರೆ ಕಡೆಯ ತೋಟದಿಂದ ಫೋನ್ ಮಾಡಿದ ಅಣ್ಣ, ಆಳು ಸಿಗದ ಕಷ್ಟ, ಮೋಡದ ಕಾಟ ಎಲ್ಲವನ್ನೂ ಹೇಳಿ ಮುಗಿಸಿ, “ಅಂಗಳದ ಆ ಹಳದಿ ಗುಲಾಬಿ ಈಗ ಹಳದಿ ಹೂ ಬಿಡುತ್ತಲೇ ಇಲ್ಲ. ಸಣ್ಣ ಸಣ್ಣ ಗುಲಾಬಿ ಬಣ್ಣದ ಹೂ ಬಿಡುತ್ತಿದೆ. ಕೀಳಿಸುತ್ತೇನೆ ಎಂದರೆ ಅಮ್ಮ ಬಿಡುತ್ತಿಲ್ಲ. ನೀನಾದರೂ ಹೇಳು” ಎಂದ. ನಾನು ಬರುವವರೆಗೆ ಗುದ್ದಲಿ ಮುಟ್ಟಬೇಡ ಎಂದೆ. ವಾರದ ಕೊನೆಗೆ ಹಾಸನದಿಂದ ಬೇಲೂರು ದಾರಿಯ ಬಸ್ ಹತ್ತಿದೆ.

ಹಳೆಯ ಗುಲಾಬಿಗಳ ವಿಷಯವೆಂದರೆ ನನಗೆ ಊಟ ಮರೆಯುವಷ್ಟು ಆಸೆ. ಮನೆ ಮುಟ್ಟಿದ ಮೇಲೆ ಒಳಗೂ ಹೋಗದೆ, ಕಣದಲ್ಲಿ ಹರಡಿದ್ದ ಕಾಫಿ ಹಣ್ಣಿನ ಅಂಚು ಬಳಸಿ ನೇರ ಗಿಡದ ಬಳಿಗೆ ನಡೆದೆ. ಎದೆಯೆತ್ತರದ ಪೊದೆ, ಮುಳ್ಳು ಕಡಿಮೆ. ತುಸು ಅಸ್ತವ್ಯಸ್ತವಾಗಿ ಬಿರಿದ ಗುಲಾಬಿ ಬಣ್ಣದ ಹೂಗಳು ಗೊಂಚಲು ಗೊಂಚಲಾಗಿದ್ದವು. ಬಗ್ಗಿ ಮೂಸಿದರೆ ಪನ್ನೀರಿನ ಪರಿಮಳ. ಆ ಹಳದಿ ಹೂವಿಗೆ ಬಣ್ಣವಿತ್ತು, ಠೀವಿಯಿತ್ತು, ವಾಸನೆ ಮಾತ್ರ ಹೆಸರಿಗೂ ಇರಲಿಲ್ಲ. ದೊಡ್ಡಮ್ಮ ಕೀಳಲು ಏಕೆ ಒಪ್ಪುತ್ತಿಲ್ಲ ಎಂಬುದು ಆಗಲೇ ಗೊತ್ತಾಯಿತು. ಅವರ ದೇವರ ಮನೆಯ ತಟ್ಟೆಯಲ್ಲಿ ದಿನವೂ ಇದೇ ಹೂ.

ಮಣ್ಣು ಸರಿಸಿ ಬುಡ ನೋಡಿದೆ. ಕಸಿ ಕಟ್ಟಿದ ಗಂಟು ಇನ್ನೂ ಕಾಣುತ್ತಿತ್ತು. ಗಂಟಿನ ಮೇಲಿನ ಹಳದಿ ಗುಲಾಬಿಯ ಮೋಟು ಒಣಗಿ ಕಪ್ಪಾಗಿತ್ತು, ಮಳೆಗಾಲದಲ್ಲಿಯೇ ಸತ್ತಿರಬೇಕು. ಈಗ ಬೆಳೆದು ನಿಂತಿದ್ದೆಲ್ಲ ಗಂಟಿನ ಕೆಳಗಿನಿಂದ, ಬೇರಿನ ಕಡೆಯಿಂದ ಚಿಗುರಿದ್ದು. ಗಿಡದ ಬಣ್ಣ ಬದಲಾಗಿರಲಿಲ್ಲ. ಅಲ್ಲಿ ಮೊದಲಿನಿಂದಲೂ ಎರಡು ಗುಲಾಬಿಗಳಿದ್ದವು, ಒಂದು ಮೇಲೆ, ಒಂದು ಕೆಳಗೆ. ಇಷ್ಟು ವರ್ಷ ನೀರು ಗೊಬ್ಬರ ಎಳೆದು ಮೇಲಿನದನ್ನು ಸಾಕಿದ್ದು ಕೆಳಗಿನದು.

ಅಣ್ಣನಿಗೆ ಇದು ಹೊಸ ಮಾತೇನೂ ಆಗಬೇಕಿರಲಿಲ್ಲ. ಅವನ ತೋಟದಲ್ಲಿಯೇ ಬ್ರೆಜಿಲ್ ಮೂಲದ ಹಿಪ್ಪಲಿಯ ಮೇಲೆ ಕಟ್ಟಿದ ಕಾಳುಮೆಣಸಿನ ಬಳ್ಳಿಗಳಿವೆ. ನಮ್ಮ ಮೆಣಸಿನ ಬೇರಿಗೆ ಬರುವ ಸೊರಗು ರೋಗವನ್ನು ಆ ಹಿಪ್ಪಲಿ ತಡೆಯುತ್ತದೆ, ನೀರು ನಿಲ್ಲುವ ಜಾಗದಲ್ಲೂ ಬದುಕುತ್ತದೆ ಎಂದು ಅದನ್ನು ಬೇರಾಗಿ ಬಳಸುತ್ತಾರೆ. ಆ ಮೆಣಸಿನ ಕಸಿಯ ಮಾತಿಗೆಂದೇ ಅವತ್ತು ಕಸಿ ಕಟ್ಟುವ ಹಿರಿಯರೊಬ್ಬರು ಬಂದು ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ನಾನು ಒಂದು ಗೆಲ್ಲು ಮುರಿದು ತಂದು ಅವರ ಕೈಗೆ ಕೊಟ್ಟೆ. ಎಲೆಯ ತೊಟ್ಟು ಕಾಂಡಕ್ಕೆ ಕೂಡುವ ಕಡೆ ಬೆರಳಾಡಿಸಿ, “ಇಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಎಳೆಯೆಳೆ ಇದ್ದಿದ್ದರೆ ಮಲ್ಟಿಫ್ಲೋರಾ ಎಂಬ ಇನ್ನೊಂದು ಬೇರುಗಿಡ. ಇದು ನಯವಾಗಿದೆ. ಇದು ಎಡ್ವರ್ಡ್ ಅಕ್ಕಾ. ಕಡ್ಡಿ ನೆಟ್ಟರೆ ಸಾಕು, ಬೇರು ಬಿಡುತ್ತದೆ” ಎಂದರು.

ಹೆಸರು ಅವರ ಬಾಯಲ್ಲಿ ಅಷ್ಟು ಸಲೀಸಾಗಿ ಬಂದದ್ದು ಕೇಳಿ ನನಗೆ ಆದ ಸಂತೋಷ ದೊಡ್ಡದು. ಜಗಲಿಯಲ್ಲಿ ಕುಳಿತು ಆ ಹೆಸರಿನ ಹಿಂದಿನ ಕಥೆಯನ್ನು ನನಗೆ ತಿಳಿದಷ್ಟು ಹೇಳಿದೆ.

ಮಡಗಾಸ್ಕರ್‌ನಿಂದ ಪೂರ್ವಕ್ಕೆ, ಹಿಂದೂ ಮಹಾಸಾಗರದಲ್ಲಿ ರಿಯೂನಿಯನ್ ಎಂಬ ದ್ವೀಪವಿದೆ. ಅದು ಫ್ರೆಂಚರ ವಶದಲ್ಲಿದ್ದು, ಹಿಂದೆ ಬೂರ್ಬನ್ ದ್ವೀಪ ಎಂದು ಕರೆಸಿಕೊಳ್ಳುತ್ತಿತ್ತು. ಅಲ್ಲಿಯ ರೈತರು ಹೊಲಗಳ ಸುತ್ತ ಗುಲಾಬಿಯನ್ನೇ ಬೇಲಿಯಾಗಿ ಬೆಳೆಸುತ್ತಿದ್ದರು. ಬೇಲಿಯಲ್ಲಿ ಎರಡು ಬಗೆ. ಒಂದು ಚೀನಾದಿಂದ ಬಂದದ್ದು, ವರ್ಷವಿಡೀ ಹೂ ಬಿಡುವಂಥದ್ದು. ಇನ್ನೊಂದು ಪರಿಮಳಕ್ಕೆ ಹೆಸರಾದ ಡಮಾಸ್ಕ್ ಗುಲಾಬಿ, ಅದರಲ್ಲೂ ಶರತ್ಕಾಲದಲ್ಲಿ ಮತ್ತೊಮ್ಮೆ ಹೂ ಬಿಡುವ ತಳಿ. 1817ರಲ್ಲಿ ಬ್ರೆಯೋನ್ ಎಂಬ ಸಸ್ಯಶಾಸ್ತ್ರಜ್ಞ ದ್ವೀಪದ ಸಸ್ಯೋದ್ಯಾನ ನೋಡಿಕೊಳ್ಳಲು ಬಂದಾಗ, ಪೆರಿಶೋನ್ ಎಂಬವರ ಜಮೀನಿನಲ್ಲಿ ಈ ಎರಡಕ್ಕೂ ಪೂರ್ತಿ ಹೋಲದ ಒಂದು ಗಿಡ ಕಣ್ಣಿಗೆ ಬಿತ್ತು. ಬೇಲಿಯಲ್ಲಿ ಅಕ್ಕಪಕ್ಕ ನಿಂತ ಎರಡು ಗುಲಾಬಿಗಳು ತಾವಾಗಿ ಕೂಡಿ ಹುಟ್ಟಿದ ಸಸಿ ಅದು ಎಂಬುದು ಅಂದಿನಿಂದ ನಡೆದು ಬಂದ ವಿವರಣೆ. ದ್ವೀಪದವರು ಅದನ್ನು ಎಡ್ವಾರ್ ಗುಲಾಬಿ ಎಂದರು. ನಮ್ಮ ನರ್ಸರಿಗಳ ಬಾಯಲ್ಲಿ ಎಡ್ವರ್ಡ್ ಎಂದು ಉಳಿದಿರುವುದು ಅದೇ ಹೆಸರು.

“ಬೇಲಿಯಲ್ಲಿ ಹುಟ್ಟಿದ್ದಾ?” ಎಂದರು ದೊಡ್ಡಮ್ಮ. ಅವರಿಗೆ ಅದು ಬಹಳ ಹಿಡಿಸಿತು.

ಬೇಲಿಯಲ್ಲಿ ಹುಟ್ಟಿದ್ದು ಬೇಲಿಯಲ್ಲಿಯೇ ಉಳಿಯಲಿಲ್ಲ. ಬ್ರೆಯೋನ್ ಅದರ ಬೀಜಗಳನ್ನು ಪ್ಯಾರಿಸ್ ಹತ್ತಿರ ಓರ್ಲಿಯನ್ಸ್ ಡ್ಯೂಕನ ತೋಟ ನೋಡಿಕೊಳ್ಳುತ್ತಿದ್ದ ಜಾಕ್ ಎಂಬವರಿಗೆ ಕಳುಹಿಸಿದ. ಅದು 1819. ಆ ಡ್ಯೂಕನೇ ಮುಂದೆ 1830ರಲ್ಲಿ ಲೂಯಿ ಫಿಲಿಪ್ ಎಂಬ ಹೆಸರಿನಲ್ಲಿ ಫ್ರಾನ್ಸಿನ ರಾಜನಾದ. ಆ ಬೀಜಗಳಿಂದ ಬೆಳೆದ ಸಸಿಗಳೇ ಬೂರ್ಬನ್ ಗುಲಾಬಿಗಳೆಂಬ ಕುಲಕ್ಕೆ ಮೊದಲು. ಯುರೋಪಿನ ಹಳೆಯ ಗುಲಾಬಿಗಳಲ್ಲಿ ಬಹುಪಾಲು ವರ್ಷಕ್ಕೊಮ್ಮೆ ಹೂ ಬಿಟ್ಟು ಸುಮ್ಮನಾಗುವಂಥವು. ಪರಿಮಳವೂ ಇದ್ದು ಮತ್ತೆ ಮತ್ತೆ ಅರಳುವ ಗುಲಾಬಿ ಸಿಕ್ಕಿದಾಗ ಅಲ್ಲಿಯ ತೋಟಗಾರರು ಬಿಡುತ್ತಾರೆಯೇ? 1843ರ ‘ಸೂವನೀರ್ ದ ಲಾ ಮಾಲ್ಮೇಸನ್’, 1851ರ ‘ಲೂಯಿಸ್ ಓಡಿಯೇ’ ಈ ಕುಲದವು, ಇವತ್ತಿಗೂ ಬೆಳೆಯುತ್ತಿರುವಂಥವು. ಬೂರ್ಬನ್‌ಗಳನ್ನು ಇತರ ಗುಲಾಬಿಗಳೊಂದಿಗೆ ಕೂಡಿಸುತ್ತ ಹೋದಾಗ ಹೈಬ್ರಿಡ್ ಪರ್ಪೆಚುಯಲ್ ಎಂಬ ಗುಂಪು ಬಂತು. ಅವನ್ನು ಚೀನಾದ ಟೀ ಗುಲಾಬಿಗಳೊಂದಿಗೆ ಕೂಡಿಸಿದಾಗ ಹೈಬ್ರಿಡ್ ಟೀ ಬಂತು. ಲಿಯೋನ್ ನಗರದ ಗಿಯೋ 1867ರಲ್ಲಿ ಹೊರತಂದ ‘ಲಾ ಫ್ರಾನ್ಸ್’ ಅನ್ನು ಹೈಬ್ರಿಡ್ ಟೀಗಳಲ್ಲಿ ಮೊದಲನೆಯದೆಂದು ಲೆಕ್ಕ ಹಾಕುತ್ತಾರೆ. ನರ್ಸರಿಯಿಂದ ನಾವು ಆಸೆಪಟ್ಟು ತರುವ ಉದ್ದ ತೊಟ್ಟಿನ ದೊಡ್ಡ ಹೂಗಳೆಲ್ಲ ಈ ಗುಂಪಿನವು. ಹಳದಿ ಬಣ್ಣ ಮಾತ್ರ ತಡವಾಗಿ, ಬೇರೆ ದಾರಿಯಿಂದ ಬಂತು. 1900ರಲ್ಲಿ ಪೆರ್ನೆ ಡುಶೇ ಎಂಬ ಫ್ರೆಂಚ್ ಗುಲಾಬಿಗಾರ ಪರ್ಷಿಯಾದ ಹಳದಿ ಗುಲಾಬಿಯನ್ನು ಬೆರೆಸಿ ಪಡೆದ ‘ಸೋಲೆ ದೋರ್’ ಅದಕ್ಕೆ ಮೂಲ.

ನನ್ನನ್ನು ಕಾಡುವುದು ಈ ವಂಶಾವಳಿಯೇ. ಅಂಗಳದಲ್ಲಿ ಇಷ್ಟು ವರ್ಷ ನಿಂತಿದ್ದದ್ದು ಮರಿಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡ ಮುತ್ತಜ್ಜಿ. ನಾವು ಮರಿಮಗಳನ್ನಷ್ಟೇ ನೋಡಿ ಹೊಗಳಿದೆವು. ಮುತ್ತಜ್ಜಿ ಒಮ್ಮೆ ತಲೆಯೆತ್ತಿದರೆ ಕಾಡುಗಿಡ ಎಂದು ಗುದ್ದಲಿ ತರುತ್ತೇವೆ.

ಇದು ನಮ್ಮ ಮಲೆನಾಡಿನಲ್ಲಿ ಮಾತ್ರ ನಡೆಯುವುದಲ್ಲ. ಅಮೆರಿಕದಲ್ಲಿ ‘ಡಾಕ್ಟರ್ ಹ್ಯೂಯಿ’ ಎಂಬ ಕಡುಗೆಂಪು ಬಳ್ಳಿಗುಲಾಬಿ ಇದೆ. ಅದನ್ನು ಬೆಳೆಸಿದ ಕ್ಯಾಪ್ಟನ್ ಜಾರ್ಜ್ ಥಾಮಸ್ ಗಾಲ್ಫ್ ಮೈದಾನಗಳ ವಿನ್ಯಾಸಕ್ಕೂ ಹೆಸರಾದವರು. ಗುಲಾಬಿಯ ರುಚಿ ಹತ್ತಿಸಿದ ಫಿಲಡೆಲ್ಫಿಯಾದ ದಂತವೈದ್ಯರೊಬ್ಬರ ಹೆಸರನ್ನು ಅದಕ್ಕೆ ಇಟ್ಟರು. 1920ರಲ್ಲಿ ಅದು ಮಾರುಕಟ್ಟೆಗೆ ಬಂದದ್ದು ಹೂವಿಗಾಗಿ. ಮುಂದೆ ಅದು ಕಸಿಗೆ ಬೇರಾಗಿ ಮಣ್ಣಿನೊಳಗೆ ಸೇರಿತು. ಈಗ ಅಲ್ಲಿಯ ಹಳೆಯ ಮನೆಗಳ ಮುಂದೆ ಮೇಲಿನ ಗುಲಾಬಿ ಸತ್ತ ಕಡೆಯೆಲ್ಲ ಈ ಕಡುಗೆಂಪು ಹೂ ಏಳುತ್ತದೆ. ಇಟಲಿಯ ಮೋಂಜಾದ ಉದ್ಯಾನದಿಂದ ಬಂದ ‘ಮಾನೆಟ್ಟಿ’ಯ ಪಾಡೂ ಹೀಗೆಯೇ, ಹೆಸರು ಬೇರುಗಿಡವಾಗಿಯೇ ಉಳಿದಿದೆ.

ಎಡ್ವರ್ಡ್ ಅಷ್ಟರಮಟ್ಟಿಗೆ ಪುಣ್ಯ ಮಾಡಿದೆ ಎನ್ನಬೇಕು. ಉತ್ತರ ಭಾರತದ ಬಯಲಿನಲ್ಲಿ ಅದು ಕಸಿಯ ಬೇರು. ಆದರೆ ತಮಿಳುನಾಡಿನಲ್ಲಿ ಹಾರಕ್ಕೆ, ಪೂಜೆಗೆ ಬಿಡಿಹೂವಾಗಿ ಅದನ್ನು ಹೊಲದಲ್ಲಿಯೇ ಬೆಳೆಯುತ್ತಾರೆ. ಅಲ್ಲಿ ಅದು ಯಾರನ್ನೂ ಹೊರಬೇಕಾಗಿಲ್ಲ.

ಅಣ್ಣ ಎಲ್ಲವನ್ನೂ ಕೇಳಿ, “ಕಥೆ ಸರಿ, ನನಗೆ ಹಳದಿ ಹೂ ಬೇಕಲ್ಲ” ಎಂದ. ಅವನ ಆಸೆಯೂ ತಪ್ಪಲ್ಲ, ಅದನ್ನು ತಂದು ನೆಟ್ಟವನು ಅವನೇ. ಇದೇ ಪೊದೆಯ ಒಂದೆರಡು ಗೆಲ್ಲಿಗೆ ಹಳದಿಯ ಕಣ್ಣು ಕೂರಿಸಬಹುದಲ್ಲವೇ ಎಂದು ಹಿರಿಯರನ್ನು ಕೇಳಿದ. ಅವರು ಬೇಡವೆಂದು ತಲೆಯಾಡಿಸಿದರು. ಬುಡದ ಚಿಗುರು ಬಿಟ್ಟರೆ ಅದೇ ಜೋರಾಗಿ ಬೆಳೆದು ಮೇಲಿನದನ್ನು ಸೊರಗಿಸುತ್ತದೆ, ಪೂರ್ತಿ ಸವರಿದರೆ ಅಮ್ಮನಿಗೆ ಹೂ ಇರುವುದಿಲ್ಲ. ಹಾಗಾಗಿ ಬೇರೆ ಗಿಡ ಮಾಡುವುದೇ ಸರಿ.

ಮಧ್ಯಾಹ್ನ ಊಟವಾದ ಮೇಲೆ ಅವರು ಪೊದೆಯಿಂದ ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿಗಳನ್ನು ಕತ್ತರಿಸಿದರು. ಕೆಳತುದಿ ಓರೆಯಾಗಿ, ಮೇಲ್ತುದಿ ನೇರವಾಗಿ. ಕಾಫಿ ಸಸಿಗೆಂದು ತಂದಿಟ್ಟಿದ್ದ ಪಾಲಿಥೀನ್ ಚೀಲಗಳಿಗೆ ಅಣ್ಣ ಕಾಡುಮಣ್ಣು, ಮರಳು ಬೆರೆಸಿ ತುಂಬಿದ. ಕಡ್ಡಿ ಬೇರು ಬಿಟ್ಟು ದಪ್ಪವಾದ ಮೇಲೆ ತೊಗಟೆಯನ್ನು ಇಂಗ್ಲಿಷಿನ ಟಿ ಅಕ್ಷರದ ಹಾಗೆ ಸೀಳಿ, ಹಳದಿ ಗುಲಾಬಿಯ ಒಂದು ಕಣ್ಣನ್ನು ತೊಗಟೆ ಸಮೇತ ಎತ್ತಿ ಒಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿದರೆ ಮೂರು ನಾಲ್ಕು ವಾರಕ್ಕೆ ಹಿಡಿದದ್ದು ಗೊತ್ತಾಗುತ್ತದೆ. “ಮುಂದಿನ ಚಳಿಗಾಲಕ್ಕೆ ಬಂದು ಕಟ್ಟಿಕೊಡುತ್ತೇನೆ, ಹಳದಿ ಕಡ್ಡಿ ಎಲ್ಲಿಂದಾದರೂ ತರಿಸಿಡಿ” ಎಂದರು. ಅಣ್ಣ ಒಪ್ಪಿದ. ಪೊದೆ ಇದ್ದಲ್ಲಿಯೇ ಇರುವುದೆಂದಾಯಿತು.

ದೊಡ್ಡಮ್ಮ ಸುಮ್ಮನಿರಲಿಲ್ಲ. ಕಣದ ಆಚೆ ದನ ನುಗ್ಗುವ ಕಡೆ ಒಂದು ಸಾಲು ಇದನ್ನೇ ಬೇಲಿಯಾಗಿ ನೆಡಬೇಕು, ಅದಕ್ಕೂ ಕಡ್ಡಿ ತೆಗೆಯಿರಿ ಎಂದು ಹಟ ಹಿಡಿದರು. “ಮುಳ್ಳೇ ಸಾಲದು, ದನ ನಿಲ್ಲುತ್ತದೆಯೇ ಅಮ್ಮಾ” ಎಂದರು ಹಿರಿಯರು. “ನಿಲ್ಲದಿದ್ದರೆ ಹೂವಾದರೂ ಸಿಗುತ್ತದೆ” ಎಂದು ದೊಡ್ಡಮ್ಮ ಇನ್ನಷ್ಟು ಚೀಲ ತರಿಸಿದರು.

ಒಂದು ಕಟ್ಟು ಕಡ್ಡಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನನಗೂ ಕೊಟ್ಟರು. ಹಾಸನದ ಮನೆಯ ಗೇಟಿನ ಪಕ್ಕ ಅವನ್ನು ನೆಟ್ಟಿದ್ದೇನೆ. ಅವುಗಳ ಮೇಲೆ ನಾನು ಏನನ್ನೂ ಕಸಿ ಕಟ್ಟಿಸುವುದಿಲ್ಲ.