ಗೆರೆಯ ಅಂಚಿನಲ್ಲಿ ತಿರುಗಿದ ನರತಂತು

ಕಣ್ಣಿನಿಂದ ಹೊರಟ ನರತಂತು ಮಿದುಳಿನಲ್ಲಿ ತನ್ನ ಜಾಗವನ್ನು ಹೇಗೆ ಹುಡುಕಿಕೊಳ್ಳುತ್ತದೆ ಎಂಬುದನ್ನು ಪುಸ್ತಕದಲ್ಲಷ್ಟೇ ಓದಿದ್ದ ನನಗೆ ಅದನ್ನು ಕಣ್ಣಾರೆ ಕಾಣುವ ಅವಕಾಶ ದೊರೆತದ್ದು ಸಂಶೋಧನೆಗೆ ಸೇರಿದ ಮೊದಲ ವರ್ಷದಲ್ಲಿ. 6 ದಿನ ಕಾವು ಕೊಟ್ಟ ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ ಮೈಗಿಂತ ಕಣ್ಣೇ ಎದ್ದು ಕಾಣುತ್ತದೆ. ಆ ಕಣ್ಣಿನ ಕಪ್ಪು ಪದರವನ್ನು ಚಿಮುಟದಿಂದ ಬಿಡಿಸಿ, ಒಳಗಿನ ಪಾರದರ್ಶಕ ಅಕ್ಷಿಪಟಲವನ್ನು ತೆಳುವಾದ ಫಿಲ್ಟರಿನ ಮೇಲೆ ಹರಡಿ, ಬ್ಲೇಡಿನಿಂದ ಪಟ್ಟಿಪಟ್ಟಿಯಾಗಿ ಕತ್ತರಿಸಿ, ಗಾಜಿನ ಮೇಲೆ ಕವುಚಿಡಬೇಕು. ಆ ಗಾಜಿನ ಮೇಲೆ ಎಫ್ರಿನ್-ಎ5 ಎಂಬ ಪ್ರೋಟೀನಿನ ಗೆರೆಗಳನ್ನು, ನಡುನಡುವೆ ಅಷ್ಟೇ ಅಗಲದ ಜಾಗ ಬಿಟ್ಟು, ಮೊದಲೇ ಎಳೆದಿರುತ್ತೇವೆ. ತಂತುಗಳಿಗೆ ಹಿಡಿತ ಕೊಡುವ ಲ್ಯಾಮಿನಿನ್ ಮಾತ್ರ ಎಲ್ಲ ಕಡೆಯೂ ಇರುತ್ತದೆ.

ಮರುದಿನ ಸೂಕ್ಷ್ಮದರ್ಶಕದಲ್ಲಿ, ಅಕ್ಷಿಪಟಲದ ಕಿವಿಯ ಕಡೆಯ ಭಾಗದಿಂದ ಹೊರಟ ಒಂದೇ ತಂತುವನ್ನು ಆರಿಸಿಕೊಂಡು ನೋಡುತ್ತ ಕುಳಿತೆ. ಅದರ ತುದಿ ಬೆರಳು ಅಗಲಿಸಿದ ಅಂಗೈಯಂತೆ ಹರಡಿಕೊಂಡಿತ್ತು. 1890ರಲ್ಲಿ ಸ್ಪೇನಿನ ಸಾಂತಿಯಾಗೋ ರಾಮೋನ್ ಇ ಕಹಾಲ್ ಬಣ್ಣ ಹಾಕಿದ ಭ್ರೂಣದಲ್ಲಿ, ಅಂದರೆ ನಿಶ್ಚಲವಾದ ಅಂಗಾಂಶದಲ್ಲಿ ಗುರುತಿಸಿ, ಇದೇ ಚಲಿಸುವ ತುದಿ ಎಂದು ಊಹಿಸಿದ ಗ್ರೋತ್ ಕೋನ್ ಇದು. ಆ ಊಹೆ ಎಷ್ಟು ಸರಿಯಾಗಿತ್ತೆಂಬುದು ನನಗೆ ಇಂದಿಗೂ ಬೆರಗು. ಬೆರಳುಗಳು ಚಾಚುತ್ತಿದ್ದವು, ತಡಕುತ್ತಿದ್ದವು, ಕೆಲವು ಹಿಂದೆ ಸರಿಯುತ್ತಿದ್ದವು. ಎರಡು ಬೆರಳುಗಳು ಎಫ್ರಿನ್ ಗೆರೆಯನ್ನು ಮುಟ್ಟಿದ ಕೆಲವೇ ನಿಮಿಷಗಳಲ್ಲಿ ಅಂಗೈಯ ಆ ಬದಿ ಮುದುಡಿತು. ಬಳಿಕ ತುದಿಯೆಲ್ಲ ಕುಗ್ಗಿ ದಾರದಂತಾಗಿ, ತಂತು ತುಸು ಹಿಂದಕ್ಕೂ ಸರಿಯಿತು.

"ಸತ್ತುಹೋಯಿತೇ ಮೇಡಂ?" ಎಂದು ಕೇಳಿದೆ.

"ಇಲ್ಲಮ್ಮ, ಸ್ವಲ್ಪ ಹೊತ್ತು ಕಾದು ನೋಡು," ಎಂದರು ನಮ್ಮ ಮಾರ್ಗದರ್ಶಕರು.

ಕಾದೆ. ಗೆರೆಯಿಲ್ಲದ ಬದಿಯಲ್ಲಿ ಹೊಸ ಬೆರಳುಗಳು ಮೂಡಿದವು, ತುದಿ ಮತ್ತೆ ಅರಳಿತು, ತಂತು ಅಂಚಿನ ಉದ್ದಕ್ಕೂ ಬೆಳೆಯತೊಡಗಿತು. ಕೊಕ್ಕಿನ ಕಡೆಯ ಭಾಗದಿಂದ ಹೊರಟ ತಂತುಗಳಲ್ಲಿ ಹೆಚ್ಚಿನವು ಅದೇ ಗೆರೆಗಳನ್ನು ಲೆಕ್ಕಿಸದೆ ದಾಟಿಹೋಗಿದ್ದವು. ಕಿವಿಯ ಕಡೆಯ ಕೋಶಗಳಲ್ಲಿ ಎಫ್ರಿನ್ ಅನ್ನು ಗುರುತಿಸುವ ಗ್ರಾಹಿ ಪ್ರೋಟೀನು ಹೆಚ್ಚಾಗಿರುವುದೇ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ.

ಗುರಿಯಿರುವ ಕಡೆಯಿಂದ ಏನೋ ಕರೆಯುತ್ತದೆ, ತಂತು ಅತ್ತ ಹೋಗುತ್ತದೆ ಎಂಬ ಚಿತ್ರವೇ ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿತ್ತು. ಕರೆಯುವ ಪ್ರೋಟೀನುಗಳೂ ಇವೆ, ನಿಜ. ಆದರೆ ತಡೆಯುವುದೂ ದಾರಿ ತೋರಿಸುವುದೇ ಎಂಬುದನ್ನು ನಾವು ಪಾಠ ಹೇಳುವಾಗ ಸಾಕಷ್ಟು ಒತ್ತಿ ಹೇಳುವುದಿಲ್ಲ ಎಂದು ನನ್ನ ಅನಿಸಿಕೆ. 1987ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಫ್ರೀಡ್ರಿಶ್ ಬೊನ್‌ಹಾಫರ್ ಮತ್ತು ಸಂಗಡಿಗರು, ಕಣ್ಣಿನ ತಂತುಗಳು ತಲುಪಬೇಕಾದ ಟೆಕ್ಟಮ್ ಎಂಬ ಮಿದುಳಿನ ಭಾಗದ ಕೋಶಪೊರೆಗಳಿಂದಲೇ ಇಂಥ ಗೆರೆಗಳನ್ನು ಮಾಡಿದ್ದರು. ಕಿವಿಯ ಕಡೆಯ ತಂತುಗಳು ಟೆಕ್ಟಮ್‌ನ ಮುಂಭಾಗದ ಪೊರೆಯನ್ನು ಆರಿಸಿಕೊಂಡವು. ಆದರೆ ಹಿಂಭಾಗದ ಪೊರೆಯನ್ನು ಬಿಸಿಮಾಡಿ ಅದರ ಪ್ರೋಟೀನನ್ನು ಕೆಡಿಸಿದಾಗ ಆ ಆಯ್ಕೆ ಇಲ್ಲವಾಯಿತು. ಅಂದರೆ, ಮುಂಭಾಗ ಅವುಗಳನ್ನು ಸೆಳೆಯುತ್ತಿರಲಿಲ್ಲ, ಹಿಂಭಾಗ ದೂಡುತ್ತಿತ್ತು. ಹಾಗೆ ದೂಡುವ ಪ್ರೋಟೀನುಗಳಲ್ಲಿ ಒಂದಾದ ಎಫ್ರಿನ್-ಎ5 ಅದೇ ಪ್ರಯೋಗಾಲಯದಲ್ಲಿ 1995ರಲ್ಲಿ ಪತ್ತೆಯಾಯಿತು.

ಗಾಜಿನ ಮೇಲಿನಂತೆ ಮಿದುಳಿನಲ್ಲಿ ಗೆರೆಗಳಿಲ್ಲ. ಅಲ್ಲಿ ಎಫ್ರಿನ್ ಮುಂದಿನಿಂದ ಹಿಂದಕ್ಕೆ ಕ್ರಮೇಣ ಹೆಚ್ಚುತ್ತ ಹೋಗುತ್ತದೆ. ಇನ್ನೂ ಸೋಜಿಗವೆಂದರೆ, ಕೋಳಿಭ್ರೂಣದಲ್ಲಿ ತಂತುಗಳು ತಮ್ಮ ಜಾಗದಲ್ಲೇ ನಿಲ್ಲದೆ ಅದನ್ನು ದಾಟಿ ಮುಂದೆ ಹೋಗುತ್ತವೆ. ಆಮೇಲೆ ತಂತುವಿನ ಬದಿಯಿಂದ ಸರಿಯಾದ ಜಾಗದಲ್ಲಿ ಕವಲೊಡೆದು, ಮುಂದೆ ಹೋದ ಭಾಗ ಕಳಚಿಹೋಗುತ್ತದೆ. ತುದಿಯ ತಿರುವನ್ನು ನೋಡಿದ ಮೇಲೆ ನನ್ನ ಗಮನವೆಲ್ಲ ಈ ಕವಲುಗಳತ್ತ ಹೊರಳಿತು, ಈಗ ನಾನು ಕೆಲಸ ಮಾಡುತ್ತಿರುವುದೂ ಅವುಗಳ ಮೇಲೆಯೇ.