ಡೂಲಿನ್ ಪಬ್ಬಿನಲ್ಲಿ ಹನ್ನೊಂದು ನಿಮಿಷ

ನನ್ನ ಫೋನಿನಲ್ಲಿ 11 ನಿಮಿಷದ ಒಂದು ರೆಕಾರ್ಡಿಂಗ್ ಇದೆ. ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ, ಕ್ಲೇರ್ ಕೌಂಟಿಯ ಡೂಲಿನ್ ಅನ್ನೋ ಪುಟ್ಟ ಊರಿನ ಪಬ್ಬಿನಲ್ಲಿ ಕೂತು ಮಾಡಿದ್ದು. ಅದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೇಳಿಸುವುದು ನಮ್ಮ ಭಾವ ಚಿಪ್ಸ್ ತಿನ್ನುವ ಕರುಂ ಕುರುಂ. ಆಮೇಲೆ ಯಾರೋ ಕುರ್ಚಿ ಎಳೆದ ಸದ್ದು. ಇವೆಲ್ಲದರ ಹಿಂದೆ, ಬಾವಿಯೊಳಗಿಂದ ಬಂದ ಹಾಗೆ, ಎರಡು ಪಿಟೀಲು, ಒಂದು ಕೊಳಲು, ಒಂದು ಕಾನ್ಸರ್ಟಿನಾ (ತಿದಿ ಹಿಗ್ಗಿಸಿ ಕುಗ್ಗಿಸಿ ನುಡಿಸುವ ಪುಟ್ಟ ಕೈವಾದ್ಯ).

ಹೋಗುವ ಮುಂಚೆ ನಾನು ಪಕ್ಕಾ ಸ್ಟುಡಿಯೋ ಪಾರ್ಟಿ, ಲೈವ್‌ಗಿಂತ ಸ್ಟುಡಿಯೋ ರೆಕಾರ್ಡಿಂಗೇ ಮೇಲು ಅನ್ನೋ ಪೈಕಿ. ಐರಿಶ್ ಸಂಗೀತದ ಹುಚ್ಚು ಹತ್ತಿದ್ದೇ ಹೆಡ್‌ಫೋನಿನಿಂದ. ಬಾಥಿ ಬ್ಯಾಂಡ್ ಅನ್ನೋ ಐರಿಶ್ ತಂಡದ 1975ರ ಮೊದಲ ಆಲ್ಬಮ್ ಎಷ್ಟು ಸಲ ಕೇಳಿದ್ದೀನೋ ಲೆಕ್ಕವಿಲ್ಲ. ಅದೇ ತಂಡ ಪ್ಯಾರಿಸ್‌ನಲ್ಲಿ ನುಡಿಸಿದ್ದರ ಲೈವ್ ಆಲ್ಬಮ್ 1979ರಲ್ಲಿ ಬಂತು, ಅದನ್ನು ಒಂದೇ ಸಲ ಕೇಳಿ ಪಕ್ಕಕ್ಕಿಟ್ಟಿದ್ದೆ. ಚಪ್ಪಾಳೆ, ಶಿಳ್ಳೆ, ಕೂಗಾಟ. ಸಂಗೀತ ಕೇಳೋಕೆ ಕೂತವರಿಗೆ ಇದೆಲ್ಲ ಯಾಕೆ ಅಂತ.

ಅಕ್ಕ, ಭಾವ ಡಬ್ಲಿನ್‌ನಲ್ಲಿದ್ದಾರೆ. ಸೆಪ್ಟೆಂಬರ್ ಕೊನೆಯಲ್ಲಿ ಹೋಗಿದ್ದೆ. ಮೆರಿಯನ್ ಸ್ಕ್ವೇರ್‌ನ 73ನೇ ನಂಬರಿನ ಹಳೇ ಕಟ್ಟಡದಲ್ಲಿ ಐರಿಶ್ ಸಾಂಪ್ರದಾಯಿಕ ಸಂಗೀತದ ಸಂಗ್ರಹಾಲಯ ಇದೆ, 1987ರಲ್ಲಿ ಶುರುವಾದದ್ದು. ಅಲ್ಲಿ ಕೂತು ಮೈಕೆಲ್ ಕೋಲ್ಮನ್ ಪಿಟೀಲು ಕೇಳಿದೆ. ಸ್ಲೈಗೋ ಕೌಂಟಿಯ ಮನುಷ್ಯ, ನ್ಯೂಯಾರ್ಕಿಗೆ ಹೋಗಿ 1920, 30ರ ದಶಕಗಳಲ್ಲಿ ಗ್ರಾಮಫೋನ್ ಪ್ಲೇಟುಗಳನ್ನು ಕೊಟ್ಟವನು. ಆಗಿನ 78ರ ಪ್ಲೇಟಿನ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಅಷ್ಟೇ ಜಾಗ. ಅಷ್ಟರೊಳಗೆ ಮೂರು ಟ್ಯೂನ್ ಹೊಂದಿಸಿ ಮುಗಿಸಬೇಕು. ಟಾರ್ಬೋಲ್ಟನ್, ಲಾಂಗ್‌ಫರ್ಡ್ ಕಲೆಕ್ಟರ್, ಸೇಲರ್ಸ್ ಬಾನೆಟ್ ಅಂತ ಮೂರು ರೀಲುಗಳನ್ನು (ವೇಗದ ಕುಣಿತದ ಟ್ಯೂನುಗಳು) 1934ರಲ್ಲಿ ಅವನು ಒಂದರ ಹಿಂದೆ ಒಂದು ನುಡಿಸಿದ. ಆ ಪ್ಲೇಟು ಹಡಗು ಹತ್ತಿ ಊರಿಗೆ ಬಂದು, ಜನ ಅದನ್ನು ಕೇಳಿ ಕೇಳಿ ಕಲಿತು, ಇವತ್ತಿಗೂ ಆ ಮೂರನ್ನು ಅದೇ ಕ್ರಮದಲ್ಲಿ ನುಡಿಸುತ್ತಾರೆ. ನೋಡಿದ್ರಾ, ಸ್ಟುಡಿಯೋನೇ ಮೇಲು ಅಂತ ಅಕ್ಕನ ಮುಂದೆ ಜಂಬ ಕೊಚ್ಚಿಕೊಂಡೆ. ಅಕ್ಕ ಚಪಾತಿ ಲಟ್ಟಿಸುತ್ತಾ "ಹೂಂ" ಅಂದಳು.

ಭಾವನಿಗೆ ಸಂಗೀತ ಅಷ್ಟಕ್ಕಷ್ಟೆ. ಕ್ಲಿಫ್ಸ್ ಆಫ್ ಮೋಹರ್ ಅನ್ನೋ ಕಡಲಂಚಿನ ಕಡಿದಾದ ಬಂಡೆಗಳನ್ನು ನೋಡಬೇಕಿತ್ತು, ಅದಕ್ಕೇ ಜೊತೆಗೆ ಹೊರಟರು. ಡಬ್ಲಿನ್‌ನ ಹ್ಯೂಸ್ಟನ್ ಸ್ಟೇಷನ್ನಿನಿಂದ ಲಿಮರಿಕ್, ಅಲ್ಲಿಂದ ಎನಿಸ್ ತನಕ ರೈಲು, ಆಮೇಲೆ 350 ನಂಬರಿನ ಬಸ್ಸು. ಕ್ಲಿಫ್ ಬಗ್ಗೆ ಏನೂ ಬರೆಯಲ್ಲ, ನಾವು ಹೋದಾಗ ಮಂಜು ಮುಸುಕಿ ಬೇಲಿ ಬಿಟ್ಟು ಇನ್ನೇನೂ ಕಾಣಲಿಲ್ಲ.

ಡೂಲಿನ್ ಅಂದರೆ ಒಂದು ಹೊಳೆ, ನಾಲ್ಕು ರಸ್ತೆ, ಕಲ್ಲಿನ ಬೇಲಿಗಳು, ದನ. ಟಿನ್ ವಿಸಲ್ ಅನ್ನೋ ಪುಟ್ಟ ಲೋಹದ ಕೊಳಲು ನುಡಿಸುತ್ತಿದ್ದ ಮೀಹೋ ರಸಲ್ ಮತ್ತವನ ಇಬ್ಬರು ತಮ್ಮಂದಿರಿಂದಾಗಿ ಈ ಊರಿಗೆ ಸಂಗೀತದ ಹೆಸರು ಬಂತು. ಮೊದಲು ನುಗ್ಗಿದ ಪಬ್ಬಿನಲ್ಲಿ ಮೈಕು, ಸ್ಪೀಕರು ಎಲ್ಲ ಇತ್ತು. ನುಡಿಸುವವರು ಗೋಡೆ ನೋಡಿಕೊಂಡು ನುಡಿಸುತ್ತಿದ್ದರು, ಟೂರಿಸ್ಟುಗಳು ಫೋನ್ ನೋಡಿಕೊಂಡು ಊಟ ಮಾಡುತ್ತಿದ್ದರು. ಲೈವ್ ಅಂದ ಮಾತ್ರಕ್ಕೆ ಜೀವ ಇರುತ್ತೆ ಅಂತೇನಿಲ್ಲ, ಅಲ್ವಾ? ಅರ್ಧ ಗಂಟೆಗೆ ಎದ್ದು ಬಂದೆವು.

ಎರಡನೇದರಲ್ಲಿ ಮೈಕ್ ಇಲ್ಲ, ವೇದಿಕೆಯೂ ಇಲ್ಲ. ಮೂಲೆಯ ಒಂದು ಟೇಬಲ್ಲಿನ ಸುತ್ತ ನಾಲ್ಕು ಜನ ಮುಖಾಮುಖಿ ಕೂತಿದ್ದರು, ಬೆನ್ನು ನಮ್ಮ ಕಡೆಗೆ. ಅವರು ನುಡಿಸುತ್ತಿದ್ದದ್ದು ನಮಗಲ್ಲ, ಒಬ್ಬರಿಗೊಬ್ಬರು. ಕೊಳಲಿನವನು ಟ್ಯೂನ್ ಬದಲಿಸುವ ಮೊದಲು ಹುಬ್ಬು ಎತ್ತುತ್ತಿದ್ದ, ಅಷ್ಟೇ ಸನ್ನೆ. ಒಂದು ಸಲ ಒಬ್ಬ ಪಿಟೀಲಿನವನಿಗೆ ಮುಂದಿನ ಟ್ಯೂನ್ ಗೊತ್ತಿರಲಿಲ್ಲ. ಕಮಾನು ತೊಡೆ ಮೇಲಿಟ್ಟು, ಎರಡು ಸುತ್ತು ಕೇಳಿ, ಮೂರನೇ ಸುತ್ತಿಗೆ ಮೆಲ್ಲಗೆ ಸೇರಿಕೊಂಡ. ಆಮೇಲೆ ಟಾರ್ಬೋಲ್ಟನ್ ಶುರುವಾಯಿತು. ಡಬ್ಲಿನ್‌ನಲ್ಲಿ ಎರಡು ದಿನದ ಹಿಂದೆ ಪ್ಲೇಟಿನಲ್ಲಿ ಕೇಳಿದ್ದೇ! ತಕ್ಷಣ ಫೋನ್ ತೆಗೆದು ಟೇಬಲ್ ಮೇಲಿಟ್ಟೆ, ಚಿಪ್ಸ್ ಪೊಟ್ಟಣದ ಪಕ್ಕದಲ್ಲೇ ಇಟ್ಟಿದ್ದೀನಿ ಅಂತ ಆಗ ಹೊಳೆಯಲಿಲ್ಲ.

ಇಲ್ಲಿ ಮೂರು ನಿಮಿಷದ ಅವಸರ ಇರಲಿಲ್ಲ. ಇನ್ನೇನು ಮುಗೀತು ಅನ್ನುವಷ್ಟರಲ್ಲಿ ಮತ್ತೊಂದು ಸುತ್ತು, ಪ್ರತೀ ಸುತ್ತಿಗೂ ಒಂಚೂರು ಬೇರೆ ತಿರುವು. ಕೋಲ್ಮನ್‌ಗೆ ಇಷ್ಟು ಜಾಗ ಸಿಕ್ಕಿದ್ದರೆ ಏನು ಮಾಡುತ್ತಿದ್ದನೋ ಅನಿಸಿತು.

ಬಿಡುವಿನಲ್ಲಿ ಕಾನ್ಸರ್ಟಿನಾದ ಹಿರಿಯ ಹೆಂಗಸು ನನ್ನ ಫೋನ್ ಕಡೆ ನೋಡಿ ನಕ್ಕು, ಸಿಕ್ಕಿತಾ ಅಂತ ಕೇಳಿದರು. ಸಿಗಲ್ಲ, ಸಿಕ್ಕರೂ ಬರೀ ಗಲಾಟೆ ಅಂದೆ. ಗಲಾಟೆ ಬೇಡವಾಗಿದ್ದರೆ ಇಲ್ಲಿಗೆ ಯಾಕೆ ಬಂದೆ ಅಂತ ಅವರು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಒಂದು ಬಿಯರ್ ಕೋಸ್ಟರಿನ ಹಿಂದೆ ಒಂದು ಹೆಸರು ಬರೆದುಕೊಟ್ಟರು. ಕಾರ್ಕ್ ಕೌಂಟಿಯ ನಾಕ್‌ನಗ್ರೀ ಅನ್ನೋ ಊರಿನ ಪಬ್ಬಿನಲ್ಲಿ ನೋಯಲ್ ಹಿಲ್ ಕಾನ್ಸರ್ಟಿನಾ, ಟೋನಿ ಮ್ಯಾಕ್‌ಮಹೋನ್ ಅಕಾರ್ಡಿಯನ್ ನುಡಿಸಿ, ಊರಿನವರು ಕುಣಿಯುತ್ತಿರುವಾಗಲೇ ರೆಕಾರ್ಡ್ ಮಾಡಿ 1985ರಲ್ಲಿ ಹೊರತಂದ ಆಲ್ಬಮ್.

ವಾಪಸ್ ರೈಲಿನಲ್ಲಿ ಅದನ್ನೇ ಹಾಕಿಕೊಂಡೆ. ಎರಡೇ ವಾದ್ಯ. ಡ್ರಮ್ ಇಲ್ಲ, ಗಿಟಾರ್ ಇಲ್ಲ. ಆದರೆ ಕುಣಿಯುವವರ ಬೂಟು ನೆಲಕ್ಕೆ ಬೀಳುತ್ತದಲ್ಲ, ಅದೇ ತಾಳ. ಪೋಲ್ಕಾ ಅನ್ನೋ ಕುಣಿತದ ಟ್ಯೂನ್ ಏರುತ್ತಾ ಹೋದಂತೆ ಕಾಲುಗಳೂ ಏರುತ್ತವೆ, ಕಾಲುಗಳು ಏರಿದ್ದಕ್ಕೆ ವಾದ್ಯಗಳು ಇನ್ನೂ ಏರುತ್ತವೆ. ಯಾರು ಯಾರನ್ನು ಓಡಿಸುತ್ತಿದ್ದಾರೆ ಅಂತ ಹೇಳೋಕಾಗಲ್ಲ. ಸ್ಟುಡಿಯೋದಲ್ಲಿ ಇದೇ ಟ್ಯೂನನ್ನು ಇನ್ನೂ ಶುದ್ಧವಾಗಿ ನುಡಿಸಬಹುದು ನಿಜ, ಕಾಲುಗಳನ್ನು ಎಲ್ಲಿಂದ ತರೋದು? ಹಾಗಂತ ನನ್ನ 1975ರ ಆಲ್ಬಮ್ಮನ್ನೇನೂ ಬಿಟ್ಟಿಲ್ಲ. ಪಿಟೀಲು ಎಲ್ಲಿ ಜಾರಿತು, ಬ್ಯಾಗ್‌ಪೈಪು ಎಲ್ಲಿ ಕಚ್ಚಿತು ಅಂತ ಬಿಡಿಸಿ ನೋಡೋಕೆ ಅದೇ ಬೇಕು. ಪಕ್ಕಕ್ಕಿಟ್ಟಿದ್ದ ಪ್ಯಾರಿಸ್ ಆಲ್ಬಮ್ಮನ್ನೂ ಮತ್ತೆ ತೆಗೆದೆ, ಈ ಸಲ ಶಿಳ್ಳೆ ಹೊಡೆದವರ ಮೇಲೆ ಸಿಟ್ಟು ಬರಲಿಲ್ಲ.

ನನ್ನ 11 ನಿಮಿಷವನ್ನು ಮಾತ್ರ ಯಾರಿಗೂ ಕೇಳಿಸಿಲ್ಲ. ಒಂಬತ್ತನೇ ನಿಮಿಷದ ಹತ್ತಿರ ಸೇಲರ್ಸ್ ಬಾನೆಟ್ ಬರುತ್ತದೆ, ಯಾರೋ "ಹಪ್!" ಅಂತ ಕೂಗುತ್ತಾರೆ. ಅಲ್ಲಿಗೆ ಚಿಪ್ಸ್ ಸದ್ದು ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಟೇಬಲ್ ಕೆಳಗಿನಿಂದ ಟಪ್ ಟಪ್ ಅಂತ ಒಂದು ಶೂ, ತಾಳಕ್ಕಿಂತ ತುಸು ಹಿಂದೆ. ಅದು ತನ್ನದಲ್ಲ ಅಂತ ಭಾವ ಇವತ್ತಿಗೂ ವಾದ ಮಾಡುತ್ತಾರೆ.